ಪ್ಯಾನೆಲ್ ಬೋರ್ಡ್ ಡ್ರಾಯಿಂಗ್‌ಗೆ ಯಾವ ಕ್ಯಾಡ್ ತಗೊಳ್ಳಲಿ?

ಪ್ರಶ್ನೆ: ಹುಬ್ಬಳ್ಳಿ ಹತ್ತಿರ ನಮ್ಮದೊಂದು ಸಣ್ಣ ಶೆಡ್ ಇದೆ. ಅಪ್ಪ ಇಪ್ಪತ್ತು ವರ್ಷದಿಂದ ಎಲೆಕ್ಟ್ರಿಕಲ್ ಪ್ಯಾನೆಲ್ ಬೋರ್ಡ್ ಮಾಡುತ್ತಿದ್ದಾರೆ. ಅವರು ಶೀಟಿನ ಮೇಲೇ ಗೆರೆ ಕೊರೆದು ಕತ್ತರಿಸುತ್ತಿದ್ದರು. ಈಗ ಕಟಿಂಗ್ ಕೆಲಸ ಹೊರಗೆ ಲೇಸರ್‌ನವರಿಗೆ ಕೊಡುತ್ತೇವೆ, ಅವರು ಫೈಲ್ ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಎಳೆಯುವ ಕ್ಯಾಡ್ ಸಾಫ್ಟ್‌ವೇರ್‌ಗಳಲ್ಲಿ ಒಂದಾದ ಆಟೊಕ್ಯಾಡನ್ನು ನಾನು ಡಿಪ್ಲೊಮಾದಲ್ಲಿ ಕಲಿತಿದ್ದೆ. ಕೊಳ್ಳೋಣ ಅಂದರೆ ದುಬಾರಿ. ಗೆಳೆಯನೊಬ್ಬ ಕ್ರ್ಯಾಕ್ (ಬೀಗ ಮುರಿದ ನಕಲಿ ಪ್ರತಿ) ಹಾಕಿಕೊಡ್ತೀನಿ ಅಂತಾನೆ. ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಸಾಕಾ? ತ್ರೀಡಿ ಬೇಕಾ? ಯಾವುದು ತಗೊಳ್ಳಲಿ?

ಉತ್ತರ: ಸಾಫ್ಟ್‌ವೇರ್ ಹೆಸರು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಲೇಸರ್ ಕಟಿಂಗ್‌ನವರ ಹತ್ತಿರ ಹೋಗಿ, ಆಪರೇಟರ್ ಪಕ್ಕದಲ್ಲಿ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ನೀವು ಕಳಿಸಿದ ಫೈಲನ್ನು ಅವರು ಹೇಗೆ ತೆರೆಯುತ್ತಾರೆ, ತೆರೆದ ಕೂಡಲೇ ಏನೇನು ಅಳಿಸುತ್ತಾರೆ, ಎಲ್ಲಿ ಗೊಣಗುತ್ತಾರೆ ನೋಡಿ. ನಿಮ್ಮ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ.

ಯಾಕೆ ಅಂದರೆ, ಮನೆ ಪ್ಲ್ಯಾನನ್ನು ಮೇಸ್ತ್ರಿ ಕಣ್ಣಿಂದ ಓದುತ್ತಾರೆ. ಗೆರೆ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಪಕ್ಕದಲ್ಲಿ ಬರೆದ ಅಳತೆ ನೋಡಿ ಸರಿ ಮಾಡಿಕೊಳ್ಳುತ್ತಾರೆ. ನಿಮ್ಮ ಡ್ರಾಯಿಂಗನ್ನು ಓದುವುದು ಯಂತ್ರ. ಅದಕ್ಕೆ ನೀವು ಬರೆದ ಅಳತೆ ಬೇಡವೇ ಬೇಡ, ಗೆರೆ ಮಾತ್ರ ಬೇಕು.

ಇದನ್ನು ನಾನು ದಂಡ ಕಟ್ಟಿ ಕಲಿತೆ. ಒಮ್ಮೆ ಎಂಟು ಪ್ಯಾನೆಲ್‌ಗಳ ಆರ್ಡರ್ ಇತ್ತು. ಹಳೇ ಡ್ರಾಯಿಂಗ್‌ನಲ್ಲಿ ಬಾಗಿಲಿನ ಅಗಲ 595 ಮಿ.ಮೀ., ಹೊಸದಕ್ಕೆ 600 ಬೇಕಿತ್ತು. ಸಂಜೆ ಹೊತ್ತು, ಅವಸರ. ಗೆರೆ ಸರಿಸುವ ಬದಲು ಡೈಮೆನ್ಷನ್ (ಗೆರೆಯ ಪಕ್ಕ ಕಾಣುವ ಅಳತೆ) ಮೇಲೆ ಎರಡು ಸಲ ಕ್ಲಿಕ್ ಮಾಡಿ, 595 ಅಳಿಸಿ 600 ಅಂತ ಟೈಪ್ ಮಾಡಿಬಿಟ್ಟೆ. ಪ್ರಿಂಟ್ ತೆಗೆದು ಪಾರ್ಟಿಗೆ ತೋರಿಸಿದೆ, ಒಪ್ಪಿದರು. ಅದೇ ಫೈಲ್ ಲೇಸರ್‌ಗೆ ಹೋಯಿತು. ಎಂಟು ಬಾಗಿಲೂ 595ಕ್ಕೇ ಕಟ್ ಆಗಿ ಬಂದವು. ಬಾಗಿಲ ಸಂದು ಮುಚ್ಚುವ ರಬ್ಬರ್ ಗ್ಯಾಸ್ಕೆಟ್ ಮೇಲೆ ಕೂರಲೇ ಇಲ್ಲ. ಲೇಸರ್‌ನವರದೇ ತಪ್ಪು ಅಂತ ಜಗಳಕ್ಕೆ ಹೋದೆ. ಆಪರೇಟರ್ ಏನೂ ಮಾತಾಡದೆ ನನ್ನದೇ ಫೈಲ್ ತೆರೆದು, ಆ ಗೆರೆಯನ್ನು ಅಳೆದು ತೋರಿಸಿದರು. ಎಂಟೂ ಗುಜರಿಗೆ ಹೋದವು.

ಹಾಗಾಗಿ ಯಾವ ಕ್ಯಾಡ್ ತಗೊಂಡರೂ ಡೈಮೆನ್ಷನ್‌ನ ಅಕ್ಷರ ಕೈಯಿಂದ ತಿದ್ದಬೇಡಿ. ಆಟೊಕ್ಯಾಡ್ ತರಹದ ಸಾಫ್ಟ್‌ವೇರ್‌ಗಳಲ್ಲಿ ಹೀಗೆ ಯಾರಾದರೂ ತಿದ್ದಿದ್ದರೆ, ಅಕ್ಷರದ ಜಾಗದಲ್ಲಿ <> ಅಂತ ಹಾಕಿ. ನಿಜವಾದ ಅಳತೆ ವಾಪಸ್ ಬರುತ್ತದೆ.

ಈಗ ಫೈಲ್ ವಿಷಯ. ಆಟೊಕ್ಯಾಡ್ 1982ರಲ್ಲಿ ಬಂತು. ಅದು ತನ್ನ ಡ್ರಾಯಿಂಗನ್ನು ಇಟ್ಟುಕೊಳ್ಳುವುದು ಡಿಡಬ್ಲ್ಯೂಜಿ ಫೈಲ್‌ನಲ್ಲಿ. ಬೇರೆ ಸಾಫ್ಟ್‌ವೇರ್‌ಗಳ ಜೊತೆ ಕೊಡುಕೊಳ್ಳುವಿಕೆಗೆ ಅಂತ ಶುರುವಿನಿಂದಲೇ ಡಿಎಕ್ಸ್‌ಎಫ್ ಅನ್ನುವ ಇನ್ನೊಂದು ಫೈಲ್ ಕೊಟ್ಟಿತು. ಡಿಡಬ್ಲ್ಯೂಜಿಯ ಒಳಗುಟ್ಟನ್ನು ಆಟೊಡೆಸ್ಕ್ ಕಂಪನಿ ಬಿಟ್ಟುಕೊಟ್ಟಿಲ್ಲ. ಡಿಎಕ್ಸ್‌ಎಫ್‌ನಲ್ಲಿ ಏನಿರುತ್ತದೆ ಅಂತ ಮಾತ್ರ ಅವರೇ ಪ್ರಕಟಿಸುತ್ತಾರೆ. ಅದಕ್ಕೇ ಲೇಸರ್, ಪ್ಲಾಸ್ಮಾ, ರೂಟರ್ ಯಂತ್ರಗಳವರೆಲ್ಲ ಕೇಳುವುದು ಡಿಎಕ್ಸ್‌ಎಫ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಸಾಲುಸಾಲು ಅಂಕಿ ಕಾಣಿಸುತ್ತದೆ. ನಿಮ್ಮ ಶೆಡ್‌ನಿಂದ ಲೇಸರ್‌ಗೆ ಹೋಗುವುದು ಇದು ಅಂದಮೇಲೆ, ಆರಿಸುವ ಸಾಫ್ಟ್‌ವೇರ್ ಮೊದಲು ಶುದ್ಧವಾದ ಡಿಎಕ್ಸ್‌ಎಫ್ ಕೊಡಬೇಕು. ಉಳಿದ ಸೊಬಗೆಲ್ಲ ಆಮೇಲೆ.

ಶುದ್ಧ ಅಂದರೆ ಏನು? ವೋಲ್ಟ್, ಆಂಪಿಯರ್ ತೋರಿಸುವ ಮೀಟರ್ ಕೂರಿಸಲು ಕೊರೆಯುವ ಕಟೌಟ್ ತಗೊಳ್ಳಿ. 96×96 ಮಿ.ಮೀ. ಅಳತೆಯ ಮೀಟರ್‌ಗೆ ಬಾಗಿಲಲ್ಲಿ 92×92 ಮಿ.ಮೀ. ಚೌಕ ಬೇಕು, ನಿಮ್ಮ ಅಪ್ಪನಿಗೆ ನಿದ್ದೆಯಲ್ಲೂ ಗೊತ್ತಿರುತ್ತದೆ. ಆ ಚೌಕವನ್ನು ನಾಲ್ಕು ಬಿಡಿ ಗೆರೆಗಳಲ್ಲಿ ಎಳೆದು, ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿರಿ ಅನ್ನಿ. ಪರದೆಯಲ್ಲಿ ಚೌಕವೇ ಕಾಣುತ್ತದೆ. ಯಂತ್ರದ ಸಾಫ್ಟ್‌ವೇರ್‌ಗೆ ಅದು ಚೌಕವಲ್ಲ, ನಾಲ್ಕು ಗೆರೆ. ಒಳಗೆ ಯಾವುದು, ಹೊರಗೆ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಲೇಸರ್ ಕಿರಣಕ್ಕೂ ಒಂದಿಷ್ಟು ದಪ್ಪ ಇರುತ್ತದಲ್ಲ, ಅದನ್ನು ಕಳೆದು ಯಾವ ಬದಿಗೆ ಕತ್ತರಿಸಬೇಕು ಅನ್ನುವುದೂ ತಿಳಿಯುವುದಿಲ್ಲ. ಇನ್ನೊಂದು ಕಾಟ ಡಬಲ್ ಗೆರೆ. ಕಾಪಿ ಮಾಡುವಾಗ ಒಂದರ ಮೇಲೊಂದು ಗೆರೆ ಕೂತಿರುತ್ತದೆ, ಕಣ್ಣಿಗೆ ಒಂದೇ. ಯಂತ್ರ ಅದೇ ದಾರಿಯಲ್ಲಿ ಎರಡು ಸಲ ಓಡುತ್ತದೆ. ಅಂಚು ಸುಟ್ಟು ಹೋಗುತ್ತದೆ, ಕಟಿಂಗ್ ಬಿಲ್ಲೂ ಏರುತ್ತದೆ. ಆದ್ದರಿಂದ ಮೂಲೆಗೆ ಕಚ್ಚಿಕೊಂಡು ಕೂರುವ ಸ್ನ್ಯಾಪ್, ಮುಚ್ಚಿದ ಪಾಲಿಲೈನ್ (ಒಂದೇ ಗೆರೆಯಾಗಿ ಸುತ್ತಿ ಬಂದು ಕೂಡುವಂಥದ್ದು), ಡಬಲ್ ಗೆರೆ ಹುಡುಕುವ ಸೌಲಭ್ಯ, ಈ ಮೂರು ಇರುವ ಸಾಫ್ಟ್‌ವೇರ್ ನೋಡಿ.

ಯೂನಿಟ್ ಕೂಡ ಗಮನಿಸಿ. ಡಿಎಕ್ಸ್‌ಎಫ್ ಒಳಗೆ 92 ಅಂತ ಬರೀ ಅಂಕಿ ಇರುತ್ತದೆ. ಅದು ಮಿ.ಮೀ. ಅಂತ ಹೇಳುವುದು ಫೈಲಿನ ತಲೆಭಾಗದಲ್ಲಿರುವ ಒಂದು ಸಂಖ್ಯೆ. 4 ಅಂದರೆ ಮಿಲಿಮೀಟರ್, 1 ಅಂದರೆ ಇಂಚು. ಇದು ತಪ್ಪಿದ್ದರೆ ನಿಮ್ಮ ಬಾಗಿಲು 25.4 ಪಟ್ಟು ದೊಡ್ಡದಾಗಿಯೋ ಚಿಕ್ಕದಾಗಿಯೋ ತೆರೆದುಕೊಳ್ಳುತ್ತದೆ. ದೊಡ್ಡ ಭಾಗ ಆದರೆ ಆಪರೇಟರ್ ನಕ್ಕು ಫೋನ್ ಮಾಡುತ್ತಾರೆ. ಸಣ್ಣ ಬ್ರ್ಯಾಕೆಟ್ ಆದರೆ ಯಾರ ಗಮನಕ್ಕೂ ಬರದೆ ಹೋಗಬಹುದು. ಕಳಿಸುವ ಮೊದಲು ನಿಮ್ಮ ಡಿಎಕ್ಸ್‌ಎಫ್ಫನ್ನು ಹೊಸ ಖಾಲಿ ಹಾಳೆಯಲ್ಲಿ ತೆರೆದು ಒಂದು ಗೊತ್ತಿರುವ ತೂತನ್ನು ಅಳೆಯಿರಿ. ಪುಶ್ ಬಟನ್ ತೂತು 22.5 ಬಂತಾ? ಸರಿ, ಕಳಿಸಿ.

ಇಷ್ಟು ಕೆಲಸಕ್ಕೆ ಆಟೊಕ್ಯಾಡೇ ಬೇಕಾ? ಬೇಡ. ನಾನಾದರೆ ನಿಮ್ಮ ಜಾಗದಲ್ಲಿ ಕ್ಯೂಕ್ಯಾಡ್‌ನಿಂದ ಶುರು ಮಾಡುತ್ತೇನೆ. ಬರೀ ಟೂಡಿ (ಚಪ್ಪಟೆ ಡ್ರಾಯಿಂಗ್), ಹಗುರ, ಸಾಧಾರಣ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಅದರ ಸಮುದಾಯ ಆವೃತ್ತಿ ಉಚಿತ, ಡಿಎಕ್ಸ್‌ಎಫ್ ಓದಿ ಬರೆಯುತ್ತದೆ. ಒಂದು ಸಣ್ಣ ಗೊಂದಲ ಇದೆ: ಡೌನ್‌ಲೋಡ್ ಮಾಡಿದಾಗ ಬರುವುದು ಪ್ರೊ ಆವೃತ್ತಿಯ ಟ್ರಯಲ್. ಅದು ಹದಿನೈದು ನಿಮಿಷಕ್ಕೊಮ್ಮೆ ನಿಲ್ಲುತ್ತದೆ. ‘ಇದೇನು ಉಚಿತ ಅಂದ್ರಲ್ಲ’ ಅಂತ ಬೇಜಾರಾಗಬೇಡಿ, ಟ್ರಯಲ್ ಭಾಗವನ್ನು ತೆಗೆದುಹಾಕಿದರೆ ಉಚಿತ ಆವೃತ್ತಿ ಉಳಿಯುತ್ತದೆ. ಪ್ರೊ ಬೇಕೆನಿಸಿದರೂ ಅದು ಕೆಲವು ಸಾವಿರ ರೂಪಾಯಿಯ ಮಾತು. ಡಿಡಬ್ಲ್ಯೂಜಿ ತೆರೆಯುವ ಶಕ್ತಿಯೂ ಬರುತ್ತದೆ.

ಲಿಬ್ರೆಕ್ಯಾಡ್ ಅಂತ ಇನ್ನೊಂದು ಕೇಳಿರಬಹುದು. ಅದು ಕ್ಯೂಕ್ಯಾಡ್‌ನ ಹಳೇ ಆವೃತ್ತಿಯಿಂದಲೇ ಕವಲೊಡೆದದ್ದು. ಪೂರ್ತಿ ಉಚಿತ, ಆದರೆ ಡಿಡಬ್ಲ್ಯೂಜಿ ಆಗಿ ಸೇವ್ ಮಾಡುವುದಿಲ್ಲ. ಕಲಿಯಲು ಅಡ್ಡಿಯಿಲ್ಲ. ದಿನಾ ಎಂಟು ಗಂಟೆ ಕೂರುವವರಿಗೆ ನಾನು ಕ್ಯೂಕ್ಯಾಡನ್ನೇ ಹೇಳುತ್ತೇನೆ.

ಈಗ ತ್ರೀಡಿ ಪ್ರಶ್ನೆ. ಬಾಗಿಲು, ಮೌಂಟಿಂಗ್ ಪ್ಲೇಟು, ಕೇಬಲ್ ಒಳಬರುವ ಗ್ಲ್ಯಾಂಡ್ ಪ್ಲೇಟು, ಡಿನ್ ರೈಲ್ ಅನ್ನುವ ಲೋಹದ ಪಟ್ಟಿಯ ಮೇಲೆ ಎಂಸಿಬಿ ಜೋಡಣೆ, ಇವಕ್ಕೆಲ್ಲ ಟೂಡಿ ಧಾರಾಳ. ಆದರೆ ಡಬ್ಬಿ ಮಡಿಸಬೇಕಲ್ಲ, ಕಥೆ ಅಲ್ಲಿ ತಿರುಗುತ್ತದೆ.

ಒಂದು ಲೆಕ್ಕ ನೋಡಿ. ಹದಿನಾರು ಗೇಜ್, ಅಂದರೆ 1.6 ಮಿ.ಮೀ. ಶೀಟು. ತಳ 200, ಎರಡು ಬದಿಗೆ 50-50 ಎತ್ತಬೇಕು. ಹೊರ ಅಳತೆ ಕೂಡಿಸಿದರೆ 300. ಹಾಗಂತ 300 ಕತ್ತರಿಸಿ ಮಡಿಸಿದರೆ ಡಬ್ಬಿ ದೊಡ್ಡದಾಗುತ್ತದೆ, ಯಾಕೆಂದರೆ ಮಡಿಕೆಯಲ್ಲಿ ಶೀಟು ಹಿಗ್ಗುತ್ತದೆ. ಒಳ ತ್ರಿಜ್ಯ 1.6, ಕೆ-ಫ್ಯಾಕ್ಟರ್ (ಮಡಿಕೆಯ ಹಿಗ್ಗನ್ನು ಲೆಕ್ಕ ಹಾಕುವ ಅಂಕಿ) 0.44 ಅಂತ ಇಟ್ಟುಕೊಂಡರೆ ಒಂದು ಮಡಿಕೆಗೆ ಸುಮಾರು 2.8 ಮಿ.ಮೀ. ಕಳೆಯಬೇಕು. ಎರಡು ಮಡಿಕೆಗೆ 5.6. ಕತ್ತರಿಸಬೇಕಾದ್ದು 294.4. ಒಂದೆರಡು ಮಡಿಕೆ ಆದರೆ ಕ್ಯಾಲ್ಕುಲೇಟರ್ ಸಾಕು. ಬಾಗಿಲಿನ ಅಂಚು ಎರಡು ಸಲ ಮಡಚಿ, ಮೂಲೆಗೆ ಕಚ್ಚು ಕೊಟ್ಟು, ನಾಲ್ಕೂ ಬದಿ ಬಿಚ್ಚಿ ಲೆಕ್ಕ ಹಾಕಲು ಕೂತರೆ ಎಲ್ಲೋ ಒಂದು ಕಡೆ ತಪ್ಪುವುದು ಗ್ಯಾರಂಟಿ.

ಇಲ್ಲಿ ಫ್ರೀಕ್ಯಾಡ್ ನಿಜಕ್ಕೂ ಸಹಾಯಕ್ಕೆ ಬರುತ್ತದೆ. ಅದೂ ಉಚಿತ. 2002ರಿಂದ ಬೆಳೆಯುತ್ತಾ ಬಂದು, 2024ರ ನವೆಂಬರ್‌ನಲ್ಲಿ 1.0 ಆವೃತ್ತಿ ತಲುಪಿತು. ಹಳೆಯದರಲ್ಲಿ ಒಂದು ಅಳತೆ ಬದಲಿಸಿದರೆ ಇನ್ನೆಲ್ಲೋ ತೂತು ಕಳಚಿ ಬೀಳುತ್ತಿತ್ತು. ಆ ತಲೆನೋವು 1.0ರಲ್ಲಿ ಬಹಳ ಕಡಿಮೆಯಾಗಿದೆ. ಅದಕ್ಕೆ ಶೀಟ್‌ಮೆಟಲ್ ಅನ್ನುವ ಆಡ್‌ಆನ್ ಹಾಕಿಕೊಳ್ಳಿ. ಡಬ್ಬಿಯನ್ನು ಮಡಿಸಿದ ರೂಪದಲ್ಲೇ ಮಾಡಿ, ‘ಅನ್‌ಫೋಲ್ಡ್’ ಒತ್ತಿದರೆ ಬಿಚ್ಚಿದ ಹಾಳೆ ಬರುತ್ತದೆ, ಅದನ್ನೇ ಡಿಎಕ್ಸ್‌ಎಫ್ ಮಾಡಿ ಕಳಿಸಬಹುದು. ಕಲಿಯುವುದು ಸುಲಭ ಅಂತ ಸುಳ್ಳು ಹೇಳಲಾರೆ. ಮೊದಲ ಎರಡು ವಾರ ನೀವು ಅದನ್ನು ಬೈಯುತ್ತೀರಿ. ಟೂಡಿ ಕೈಗೆ ಹತ್ತಿದ ಮೇಲೆ ಇದಕ್ಕೆ ಇಳಿಯಿರಿ. ಅಂದಹಾಗೆ, ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ನಲ್ಲಿ ಓಡಿಸಿ ಯಾವ ಕ್ಯಾಡನ್ನೂ ಒಳ್ಳೆಯದು, ಕೆಟ್ಟದ್ದು ಅನ್ನಬೇಡಿ. ಒಂದು ಒಳ್ಳೆ ಚಕ್ರದ ಮೌಸ್ ತಗೊಳ್ಳಿ, ಅರ್ಧ ಸಿಟ್ಟು ಇಳಿಯುತ್ತದೆ.

ಆದರೆ ನೆನಪಿರಲಿ, 0.44 ಆಗಲಿ, ಅದರಿಂದ ಬಂದ 2.8 ಅನ್ನುವ ಕಳೆಯುವ ಅಂಕಿ ಆಗಲಿ ಸಾಫ್ಟ್‌ವೇರ್ ಹೇಳಿಕೊಡುವುದಲ್ಲ, ನಿಮ್ಮ ಬೆಂಡಿಂಗ್ ಯಂತ್ರ ಹೇಳುವುದು. ಕಳೆಯುವ ಅಂಕಿಯನ್ನು ಯಂತ್ರದಿಂದ ಹೀಗೆ ಕೇಳಿ: ಅದೇ ಶೀಟಿನಿಂದ ಸರಿಯಾಗಿ 100 ಮಿ.ಮೀ. ಉದ್ದದ ಒಂದು ಪಟ್ಟಿ ಕತ್ತರಿಸಿ, ಮಧ್ಯಕ್ಕೆ 90 ಡಿಗ್ರಿ ಮಡಿಸಿ. ಎರಡೂ ಕಾಲುಗಳ ಹೊರ ಅಳತೆಯನ್ನು ವರ್ನಿಯರ್‌ನಲ್ಲಿ ಹಿಡಿದು ಕೂಡಿಸಿ. 102.8 ಬಂದರೆ ನಿಮ್ಮ ಕಳೆಯುವ ಅಂಕಿ 2.8. ಯಂತ್ರದ ಡೈ (ಮಡಿಸುವ ಅಚ್ಚು) ಬದಲಾದರೆ, ಶೀಟಿನ ದಪ್ಪ ಬದಲಾದರೆ ಮತ್ತೆ ಮಾಡಿ. ಇದನ್ನು ನಿಮ್ಮ ಅಪ್ಪನ ಕೈಯಲ್ಲೇ ಮಾಡಿಸಿ. ಅವರ ಇಪ್ಪತ್ತು ವರ್ಷದ ಅಂದಾಜು ಎಷ್ಟು ಹತ್ತಿರ ಇತ್ತು ಅಂತ ನಿಮಗೇ ಆಶ್ಚರ್ಯ ಆಗಬಹುದು.

ಇನ್ನು ಡಿಡಬ್ಲ್ಯೂಜಿ. ನೀವು ಲೇಸರ್‌ಗೆ ಮಾತ್ರ ಕಳಿಸುವವರಾದರೆ ಇದರ ಗೊಡವೆ ಇಲ್ಲ. ಆದರೆ ಕನ್ಸಲ್ಟೆಂಟ್‌ಗಳು, ದೊಡ್ಡ ಕಾಂಟ್ರಾಕ್ಟರ್‌ಗಳು ಡಿಡಬ್ಲ್ಯೂಜಿ ಕಳಿಸುತ್ತಾರೆ, ವಾಪಸ್ಸೂ ಅದನ್ನೇ ಕೇಳುತ್ತಾರೆ. ‘ಫೈಲ್ ಓಪನ್ ಆಗ್ತಿಲ್ಲ’ ಅನ್ನುವ ಫೋನ್‌ಗಳ ಹಿಂದೆ ಹೆಚ್ಚಾಗಿ ಇರುವುದು ಆವೃತ್ತಿಯ ತಕರಾರು. ಒಂದು ಹಳೇ ಚಾಳಿ ಹೇಳಿಕೊಡುತ್ತೇನೆ. ಬಂದ ಡಿಡಬ್ಲ್ಯೂಜಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಒಳಗೆಲ್ಲ ಕಸದಂತೆ ಕಾಣುತ್ತದೆ, ಆದರೆ ಮೊದಲ ಆರು ಅಕ್ಷರ ಓದಲು ಬರುತ್ತದೆ. ಎಸಿ1032 ಅಂತಿದ್ದರೆ 2018ರ ಮಾದರಿ, ಎಸಿ1027 ಅಂದರೆ 2013, ಎಸಿ1024 ಅಂದರೆ 2010. ಏನೂ ಬದಲಿಸದೆ, ಸೇವ್ ಮಾಡದೆ ಮುಚ್ಚಿಬಿಡಿ. ಆಮೇಲೆ ಕಳಿಸಿದವರಿಗೆ ‘2010ಕ್ಕೆ ಸೇವ್ ಮಾಡಿ ಕಳಿಸಿ’ ಅಂತ ಖಚಿತವಾಗಿ ಹೇಳಬಹುದು. ನೀವೇ ಬದಲಿಸಿಕೊಳ್ಳಬೇಕಾದರೆ ಆಟೊಡೆಸ್ಕ್‌ನವರದೇ ಡಿಡಬ್ಲ್ಯೂಜಿ ಟ್ರೂವ್ಯೂ ಉಚಿತವಾಗಿದೆ. ಓಪನ್ ಡಿಸೈನ್ ಅಲಯನ್ಸ್‌ನವರ ಫೈಲ್ ಕನ್ವರ್ಟರ್ ಡಿಡಬ್ಲ್ಯೂಜಿಯನ್ನು ಡಿಎಕ್ಸ್‌ಎಫ್ಫೂ ಮಾಡಿಕೊಡುತ್ತದೆ.

ವಾರಕ್ಕೆ ಒಂದೆರಡು ಡಿಡಬ್ಲ್ಯೂಜಿ ಆದರೆ ಇಷ್ಟರಲ್ಲೇ ನಡೆಯುತ್ತದೆ. ದಿನಾ ಬರುತ್ತದೆ, ತಿದ್ದಿ ವಾಪಸ್ ಕೊಡಬೇಕು ಅಂದರೆ ದುಡ್ಡು ಬಿಚ್ಚಿ. ಆಟೊಡೆಸ್ಕ್ 2016ರಿಂದ ಆಟೊಕ್ಯಾಡನ್ನು ಒಮ್ಮೆ ಕೊಂಡು ಇಟ್ಟುಕೊಳ್ಳುವ ರೀತಿ ಮಾರುವುದು ನಿಲ್ಲಿಸಿದೆ. ಈಗ ಬಾಡಿಗೆ ಲೆಕ್ಕ, ಕಟ್ಟುವುದು ನಿಲ್ಲಿಸಿದರೆ ಸಾಫ್ಟ್‌ವೇರೂ ನಿಲ್ಲುತ್ತದೆ. ಟೂಡಿಗೆ ಸೀಮಿತವಾದ ಆಟೊಕ್ಯಾಡ್ ಎಲ್‌ಟಿ ಪೂರ್ತಿ ಆಟೊಕ್ಯಾಡ್‌ಗಿಂತ ತುಂಬಾ ಅಗ್ಗ. ನಿಮ್ಮ ಕೆಲಸಕ್ಕೆ ಅದೇ ಮೇಲು. ಡಿಪ್ಲೊಮಾದಲ್ಲಿ ಕಲಿತ ಕಮಾಂಡ್‌ಗಳು ಹಾಗೇ ಉಪಯೋಗಕ್ಕೆ ಬರುತ್ತವೆ. ಒಮ್ಮೆ ಕೊಂಡು ನಿಶ್ಚಿಂತೆಯಾಗಿ ಇರುವ ಆಸೆ ಇದ್ದರೆ ಬೆಲ್ಜಿಯಂನ ಬ್ರಿಕ್ಸ್‌ಕ್ಯಾಡ್, ಚೀನಾದ ಝಡ್‌ಡಬ್ಲ್ಯೂಕ್ಯಾಡ್, ಹೈದರಾಬಾದಿನ ಆಕ್ಟ್‌ಕ್ಯಾಡ್ ಇಂಥವುಗಳ ಟ್ರಯಲ್ ಹಾಕಿ ನೋಡಿ. ಕಮಾಂಡ್‌ಗಳು ಹೆಚ್ಚುಕಡಿಮೆ ಅವೇ. ಡೀಲರ್ ಹತ್ತಿರ ಕೊಟೇಶನ್ ತರಿಸುವಾಗ 18% ಜಿಎಸ್‌ಟಿ ಸೇರಿಸಿ ಹೇಳಿ ಅನ್ನಿ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ಅದನ್ನು ಇನ್‌ಪುಟ್ ಆಗಿ ಹಿಡಿಯುವ ಬಗ್ಗೆ ನಿಮ್ಮ ಆಡಿಟರನ್ನು ಕೇಳಿ.

ಉಚಿತದ ಬಗ್ಗೆ ಒಂದು ಎಚ್ಚರಿಕೆ. ಡ್ರಾಫ್ಟ್‌ಸೈಟ್ ಅಂತ ಒಂದಿತ್ತು, ಈಗಲೂ ಇದೆ. ಡಿಡಬ್ಲ್ಯೂಜಿ ತೆರೆಯುವ ಉಚಿತ ಸಾಫ್ಟ್‌ವೇರ್ ಅಂತ ನಮ್ಮಂಥ ಎಷ್ಟೋ ಜನ ಅದನ್ನೇ ನಂಬಿ ಕೂತಿದ್ದೆವು. ಆಮೇಲೆ ಅದು ದುಡ್ಡಿನದಾಯಿತು. 2019ರ ಡಿಸೆಂಬರ್ 31 ಕಳೆದ ಮೇಲೆ ಹಳೇ ಉಚಿತ ಆವೃತ್ತಿಗಳು ಓಡುವುದೇ ನಿಂತಿತು. ಕ್ಯೂಕ್ಯಾಡ್‌ನ ಸಮುದಾಯ ಆವೃತ್ತಿ, ಲಿಬ್ರೆಕ್ಯಾಡ್, ಫ್ರೀಕ್ಯಾಡ್ ಇವುಗಳ ಮೂಲ ಕೋಡೇ ಬಹಿರಂಗ ಇರುವುದರಿಂದ ಹಾಗೆ ಬಾಗಿಲು ಹಾಕುವುದು ಕಷ್ಟ. ಆದರೂ ಮುಗಿದ ಪ್ರತಿ ಕೆಲಸದ ಒಂದು ಡಿಎಕ್ಸ್‌ಎಫ್, ಒಂದು ಪಿಡಿಎಫ್ ಬೇರೆ ಡಿಸ್ಕ್‌ನಲ್ಲಿ ಇಡಿ.

ಕ್ರ್ಯಾಕ್ ಬೇಡ. ಬುದ್ಧಿವಾದ ಹೇಳುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ, ಗೊತ್ತಿದ್ದೂ ನಕಲಿ ಸಾಫ್ಟ್‌ವೇರ್ ಬಳಸಿದರೆ ಕನಿಷ್ಠ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕೆ ಅಲ್ಲದಿದ್ದರೆ ಕೋರ್ಟ್ ರಿಯಾಯಿತಿ ತೋರಿಸಬಹುದು, ನಿಮ್ಮದು ವ್ಯಾಪಾರ. ಇನ್ನೊಂದು, ಕ್ರ್ಯಾಕ್ ಫೈಲ್ ಜೊತೆ ಇನ್ನೇನು ಬರುತ್ತದೆ ಅಂತ ನಿಮ್ಮ ಗೆಳೆಯನಿಗೂ ಗೊತ್ತಿರುವುದಿಲ್ಲ. ಕ್ಯಾಡ್ ಡ್ರಾಯಿಂಗ್‌ಗಳನ್ನೇ ಗುರಿಮಾಡಿದ ವೈರಸ್‌ಗಳೂ ಇವೆ. 2012ರಲ್ಲಿ ಸಿಕ್ಕಿಬಿದ್ದ ಒಂದು ವೈರಸ್ ಮುಖ್ಯವಾಗಿ ಪೆರು ದೇಶದಲ್ಲಿ ಹರಡಿ, ಹತ್ತಾರು ಸಾವಿರ ಆಟೊಕ್ಯಾಡ್ ಡ್ರಾಯಿಂಗ್‌ಗಳನ್ನು ಸದ್ದಿಲ್ಲದೆ ಚೀನಾದ ಇಮೇಲ್ ಖಾತೆಗಳಿಗೆ ಕಳಿಸುತ್ತಿತ್ತು. ಡ್ರಾಯಿಂಗ್ ಜೊತೆ ಇರುವ ಸಣ್ಣ ಲಿಸ್ಪ್ ಫೈಲ್ (ಆಟೊಕ್ಯಾಡ್ ಒಳಗೆ ಓಡುವ ಪ್ರೋಗ್ರಾಂ) ಮೂಲಕ ಅದು ಒಳಗೆ ಬರುತ್ತಿತ್ತು. ಯಾರಾದರೂ ಜಿಪ್ ಕಳಿಸಿದರೆ ಅದರಲ್ಲಿ ಡ್ರಾಯಿಂಗ್ ಬಿಟ್ಟು ಬೇರೆ ಫೈಲ್ ಇದ್ದರೆ ತೆಗೆದುಹಾಕಿ. ವಿದ್ಯಾರ್ಥಿಗಳಿಗೆ ಆಟೊಡೆಸ್ಕ್ ಉಚಿತವಾಗಿ ಕೊಡುವುದು ಓದಿಗೆ ಮಾತ್ರ, ಶೆಡ್ಡಿಗಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ವೈರಿಂಗ್ ಡಯಾಗ್ರಾಮನ್ನು ಕ್ಯೂಕ್ಯಾಡ್‌ನಲ್ಲಿ ಎಳೆಯಲು ಹೋಗಬೇಡಿ. ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಟರ್ಮಿನಲ್ ಎಲ್ಲದರ ಚಿಹ್ನೆ ತಯಾರಿರುವ ಕ್ಯೂಎಲೆಕ್ಟ್ರೊಟೆಕ್ ಇದೆ, ಉಚಿತ. ಎರಡು ಬೇರೆ ಕೆಲಸ, ಎರಡು ಬೇರೆ ಸಾಧನ. ಹಾಗೇ ಡ್ರಾಯಿಂಗ್ ಹಾಳೆಯ ಟೆಂಪ್ಲೇಟ್ ನೋಡಿಕೊಳ್ಳಿ. ವಸ್ತುವಿನ ಬೇರೆ ಬೇರೆ ಬದಿಯ ನೋಟಗಳನ್ನು ಹಾಳೆಯಲ್ಲಿ ಜೋಡಿಸುವ ಕ್ರಮಗಳಲ್ಲಿ ನೀವು ಕಾಲೇಜಿನಲ್ಲಿ ಕಲಿತದ್ದು ಫಸ್ಟ್ ಆಂಗಲ್, ಭಾರತೀಯ ಮಾನಕವೂ ಅದೇ. ಅಮೆರಿಕದ ಟೆಂಪ್ಲೇಟ್ ತೆರೆದುಕೊಂಡರೆ ಥರ್ಡ್ ಆಂಗಲ್, ಇಂಚು ಎರಡೂ ಒಟ್ಟಿಗೆ ಬರುತ್ತವೆ. ಎಡಬದಿಯ ಗ್ಲ್ಯಾಂಡ್ ತೂತು ಬಲಬದಿಗೆ ಬೀಳುವುದು ಹೀಗೇ.

ಹಾಗಾದರೆ ಈ ವಾರ ಏನು ಮಾಡುವುದು? ನಿಮ್ಮಲ್ಲಿ ಈಗಾಗಲೇ ಮಾಡಿ ಮುಗಿಸಿದ ಒಂದು ಪ್ಯಾನೆಲ್ ಬಾಗಿಲು ತಗೊಳ್ಳಿ, ಅಳತೆ ಎಲ್ಲ ಗೊತ್ತಿರುವಂಥದ್ದು. ಅದನ್ನು ಕ್ಯೂಕ್ಯಾಡ್‌ನಲ್ಲಿ ಎಳೆಯಿರಿ. ಕಟಿಂಗ್ ಗೆರೆ ಒಂದು ಲೇಯರ್ (ಡ್ರಾಯಿಂಗಿನ ಒಂದು ಪದರ), ಮಡಿಕೆ ಗೆರೆ ಇನ್ನೊಂದು, ಅಳತೆ ಮತ್ತು ಅಕ್ಷರ ಮೂರನೆಯದು. ಯಾವ ಬಣ್ಣಕ್ಕೆ ಯಂತ್ರ ಏನು ಮಾಡುತ್ತದೆ ಅಂತ ಆಪರೇಟರನ್ನು ಕೇಳಿ ಅದೇ ಬಣ್ಣ ಕೊಡಿ. ಒಂದು ತುಂಡು ಗುಜರಿ ಶೀಟಿನಲ್ಲಿ ಕಟ್ ಮಾಡಿಸಿ, ಹಳೇ ಬಾಗಿಲ ಮೇಲಿಟ್ಟು ನೋಡಿ. ಸರಿ ಕೂತರೆ ಸಾಫ್ಟ್‌ವೇರ್ ಸಿಕ್ಕಿತು ಅಂತಲೇ. ಎರಡು ಸಲ ಪ್ರಯತ್ನಿಸಿದರೂ ಒಗ್ಗದಿದ್ದರೆ ಎಲ್‌ಟಿಯದೋ ಬ್ರಿಕ್ಸ್‌ಕ್ಯಾಡ್‌ದೋ ಟ್ರಯಲ್ ಹಾಕಿ ಅದೇ ಬಾಗಿಲನ್ನೇ ಮತ್ತೆ ಎಳೆಯಿರಿ. ಬೇರೆ ಬೇರೆ ಡ್ರಾಯಿಂಗ್ ಮಾಡಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಕೊನೆಗೆ ಅಪಾಯದ ಫಲಕ. 415 ವೋಲ್ಟ್ ಪ್ಯಾನೆಲ್ ಮೇಲೆ ಎಚ್ಚರಿಕೆ ಫಲಕ ಸ್ಥಳೀಯ ಭಾಷೆಯಲ್ಲೂ ಇರಬೇಕು, ನಿಮ್ಮ ಕಡೆ ಅಂದರೆ ಕನ್ನಡ. ಕ್ಯಾಡ್‌ನ ಮಾಮೂಲಿ ಎಸ್‌ಎಚ್‌ಎಕ್ಸ್ ಫಾಂಟಿನಲ್ಲಿ ಕನ್ನಡ ಟೈಪ್ ಮಾಡಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಯೂನಿಕೋಡ್ ಫಾಂಟ್ ಹಾಕಿದರೂ ಒತ್ತಕ್ಷರ ಕೆಲವು ಕಡೆ ಚದುರುತ್ತದೆ. ನಾನು ಮಾಡುವುದು ಹೀಗೆ: ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ‘ಅಪಾಯ’ ಅಂತ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಅಕ್ಷರವನ್ನು ಪಾತ್ (ಬರೀ ಗೆರೆ) ಆಗಿ ಬದಲಿಸಿ, ಡಿಎಕ್ಸ್‌ಎಫ್‌ಗೆ ಸೇವ್ ಮಾಡುತ್ತೇನೆ. ಅದನ್ನು ಫಲಕದ ಡ್ರಾಯಿಂಗ್‌ಗೆ ತಂದು ಕೂರಿಸುತ್ತೇನೆ. ಮೇಲೆ ಕೆತ್ತುವುದಾದರೆ ಇಷ್ಟೇ. ಆರಪಾರ ಕತ್ತರಿಸುವುದಾದರೆ ‘ಅ’ ಅಕ್ಷರದ ಒಳಗಿನ ಸುರುಳಿ ನೋಡಿ, ನಡುವಿನ ತುಂಡು ಕಳಚಿ ಕೆಳಗೆ ಬೀಳುತ್ತದೆ. ಅಂಥ ಕಡೆಯೆಲ್ಲ ಗೆರೆ ಕಡಿದು ಎರಡು ಮಿ.ಮೀ. ಅಗಲದ ಬ್ರಿಡ್ಜ್ ಬಿಡಿ. ಎಲ್ಲಿ ಬಿಟ್ಟರೆ ಅಕ್ಷರ ಓದಲು ಚೆನ್ನಾಗಿರುತ್ತದೆ ಅಂತ ಮೊದಲು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ನೋಡಿಕೊಂಡು ಆಮೇಲೆ ಫೈಲ್ ಕಳಿಸಿ.